ನಮೀಬಿಯಾದ ಬೇಟೆ ಫಾರ್ಮ್‌ಗೆ ಆಹ್ವಾನ ಬಂದಿದೆ, ಹೋಗುವುದು ಸರಿಯೇ?

ವಿಂಡ್‌ಹೋಕ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ನಿಮಿತ್ತ ಕುಟುಂಬದೊಂದಿಗೆ ನಮೀಬಿಯಾದಲ್ಲಿ ನೆಲೆಸಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರ ಚಿಕ್ಕಪ್ಪನಿಗೆ ಒಚಿವಾರೊಂಗೊ ಪಟ್ಟಣದ ಆಚೆ ಹಲವು ಸಾವಿರ ಹೆಕ್ಟೇರ್ ವಿಸ್ತಾರದ ಬೇಟೆ ಫಾರ್ಮ್ ಇದೆ. ಯುರೋಪಿನಿಂದ ಬರುವ ಅತಿಥಿಗಳು ಹಣ ಕೊಟ್ಟು ಅಲ್ಲಿ ಓರಿಕ್ಸ್, ಕುಡು ಮುಂತಾದ ದೊಡ್ಡ ಹುಲ್ಲೆಗಳನ್ನೂ ವಾರ್ಟ್‌ಹಾಗ್ ಎಂಬ ಕಾಡುಹಂದಿಯನ್ನೂ ಬೇಟೆಯಾಡುತ್ತಾರೆ. ಜೂನ್ ತಿಂಗಳಲ್ಲಿ ಅಂತಹ ಒಂದು ತಂಡದ ಜೊತೆಗೆ ಬರುವಂತೆ ನನ್ನನ್ನೂ ಕರೆದಿದ್ದಾರೆ. ಮನಸ್ಸಿದ್ದರೆ, ಬೇಕಾದ ಪರವಾನಗಿಯನ್ನು ಅವರೇ ಮಾಡಿಸಿಕೊಟ್ಟು, ಒಂದು ಓರಿಕ್ಸ್‌ಗೆ ಗುಂಡು ಹಾರಿಸುವ ಅವಕಾಶವನ್ನೂ ಕೊಡುತ್ತಾರಂತೆ.

ಈ ಮಾತು ಎತ್ತಿದಾಗಿನಿಂದ ನಮ್ಮ ಮನೆಯಲ್ಲಿ ಚರ್ಚೆ ನಿಂತಿಲ್ಲ. ಕೊಲ್ಲುವುದನ್ನು ನೋಡಲು ಹೋದರೂ ಅದರಲ್ಲಿ ಪಾಲುಗೊಂಡಂತೆಯೇ ಎಂದು ನನ್ನ ಹೆಂಡತಿ ಹೇಳುತ್ತಾರೆ. ಬೇಟೆ ಇರುವುದರಿಂದಲೇ ಈ ದೇಶದಲ್ಲಿ ಕಾಡುಪ್ರಾಣಿಗಳು ಉಳಿದಿವೆ ಎಂದು ಸಹೋದ್ಯೋಗಿ ಹೇಳುತ್ತಾರೆ. ಇಬ್ಬರ ಮಾತನ್ನೂ ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಆ ಸಹೋದ್ಯೋಗಿಯ ವಾದದಲ್ಲಿ ಎಷ್ಟು ಹುರುಳಿದೆ, ಇಂತಹ ಬೇಟೆ ವಾಸ್ತವವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹೊಂಗೆ ನೆರಳು

ನಿಮ್ಮ ಮನೆಯವರ ಮಾತೇ ಸರಿ. ಹಸಿವಿಲ್ಲದವನು, ಕೊಂಬಿನ ಅಳತೆಗಾಗಿ, ಇನ್ನೊಂದು ಖಂಡದಿಂದ ವಿಮಾನದಲ್ಲಿ ಬಂದು ಒಂದು ಜೀವವನ್ನು ತೆಗೆಯುವುದನ್ನು ಯಾವ ಆರ್ಥಿಕ ಲೆಕ್ಕಾಚಾರದಿಂದಲೂ ಸಮರ್ಥಿಸಲಾಗದು.

ಲಿಂಪೊಪೊ ಪಂಪು

ನಾನು ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಫಾರ್ಮ್‌ಗಳಲ್ಲಿ ಕೊಳವೆಬಾವಿಗಳಿಗೆ ಸೌರಪಂಪು ಅಳವಡಿಸುವ ಕೆಲಸದಲ್ಲಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಬೇಟೆ ಫಾರ್ಮ್‌ಗಳೇ ಆಗಿರುವುದರಿಂದ ಅಲ್ಲಿನ ದಿನಚರಿಯನ್ನು ಹತ್ತಿರದಿಂದ ಕಂಡಿದ್ದೇನೆ. ಸರಿ ತಪ್ಪಿನ ತೀರ್ಮಾನಕ್ಕೆ ಮುನ್ನ ಅದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ.

ಬಂದ ಅತಿಥಿಯನ್ನು ಮೊದಲು ಗುರಿ ಅಭ್ಯಾಸದ ಜಾಗಕ್ಕೆ ಕರೆದೊಯ್ಯುತ್ತಾರೆ. ವಿಮಾನಯಾನದಲ್ಲಿ ಬಂದೂಕಿನ ಮೇಲಿನ ದೂರದರ್ಶಕದ ಹೊಂದಾಣಿಕೆ ತಪ್ಪಿರಬಹುದು ಎಂಬುದು ಮೇಲ್ನೋಟದ ಕಾರಣ. ಅತಿಥಿಯ ಕೈ ಎಷ್ಟು ಸ್ಥಿರವಾಗಿದೆ ಎಂಬುದನ್ನು ಮಾರ್ಗದರ್ಶಿ ಅಳೆಯುವುದೂ ಅಲ್ಲಿಯೇ. ಮರುದಿನ ಬೆಳಕು ಹರಿಯುವ ಮೊದಲೇ ಬಕ್ಕಿಯಲ್ಲಿ, ಅಂದರೆ ಇಲ್ಲಿಯ ಪಿಕಪ್ ವಾಹನದಲ್ಲಿ, ಹೊರಡುತ್ತಾರೆ. ಹೆಜ್ಜೆಗುರುತು ಸಿಕ್ಕ ಕೂಡಲೇ ಇಳಿದು ಗಾಳಿಗೆ ಎದುರಾಗಿ ನಡೆಯುತ್ತಾರೆ. ಎಲ್ಲರಿಗಿಂತ ಮುಂದೆ ಜಾಡು ಹಿಡಿಯುವವನು, ಅವನ ಹಿಂದೆ ಮಾರ್ಗದರ್ಶಿ, ಕೊನೆಗೆ ಅತಿಥಿ. ಮೂರು ಕಾಲಿನ ಕೋಲಿನ ಮೇಲೆ ಬಂದೂಕನ್ನು ಇರಿಸಿಕೊಂಡು, ಸಾಮಾನ್ಯವಾಗಿ ನೂರರಿಂದ ನೂರೈವತ್ತು ಮೀಟರ್ ದೂರದಿಂದ ಗುಂಡು ಹಾರಿಸುತ್ತಾರೆ. ಆಫ್ರಿಕಾದ ಹುಲ್ಲೆಗಳ ಹೃದಯವು ಎದೆಯ ತಳಭಾಗದಲ್ಲಿ, ಮುಂಗಾಲುಗಳ ನಡುವೆ ಇರುತ್ತದೆ. ಆದ್ದರಿಂದ ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ನೇರಕ್ಕೆ, ದೇಹದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಗುರಿ ಇಡಬೇಕು ಎಂದು ಕಲಿಸುತ್ತಾರೆ. ಯುರೋಪಿನ ಸಾರಂಗದ ಬೇಟೆಗೆ ಒಗ್ಗಿದವರು ಭುಜದ ಹಿಂದಕ್ಕೆ ಹೊಡೆದು ಪ್ರಾಣಿಯನ್ನು ಗಾಯಗೊಳಿಸುವುದುಂಟು.

ಶುಲ್ಕ ಎರಡು ಬಗೆಯದು. ವಸತಿ, ಊಟ, ಮಾರ್ಗದರ್ಶಿಯ ಸೇವೆಗೆ ದಿನಕ್ಕಿಷ್ಟು ಎಂಬುದು ಒಂದು. ಹೊಡೆದ ಪ್ರಾಣಿಗೆ ಜಾತಿವಾರು ದರ ಇನ್ನೊಂದು. ಓರಿಕ್ಸ್‌ಗೆ ಕೆಲವು ನೂರು ಡಾಲರ್ ಆದರೆ ಕಾಡೆಮ್ಮೆಗೆ ಹತ್ತು ಸಾವಿರ ಡಾಲರ್‌ಗೂ ಮೀರಬಹುದು. ಗಾಯಗೊಂಡ ಪ್ರಾಣಿ ಕೈಗೆ ಸಿಗದೆ ಹೋದರೂ ಪೂರ್ತಿ ದರವನ್ನು ಕೊಡಲೇಬೇಕು. ಮಾಂಸ ಫಾರ್ಮ್‌ನಲ್ಲಿಯೇ ಉಳಿಯುತ್ತದೆ. ಅದರಲ್ಲಿ ಒಂದು ಪಾಲು ಕೆಲಸಗಾರರಿಗೆ, ಒಂದು ಪಾಲು ಅಡುಗೆಮನೆಗೆ, ಉಳಿದದ್ದು ಒಣಗಿಸಿದ ಬಿಲ್ಟಾಂಗ್ ಆಗಿ ಅಂಗಡಿಗೆ ಹೋಗುತ್ತದೆ. ಯಾವ ಭಾಗವನ್ನೂ ಎಸೆದದ್ದನ್ನು ನಾನು ಕಂಡಿಲ್ಲ.

ಹೊಂಗೆ ನೆರಳು

ಮಾಂಸ ವ್ಯರ್ಥವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅತಿಥಿ ಹಣ ಕೊಡುವುದು ಮಾಂಸಕ್ಕಲ್ಲ. ಕೊಲ್ಲುವ ಅನುಭವವನ್ನು ಮಾರಾಟಕ್ಕೆ ಇಟ್ಟಿದ್ದಾರೆ ಎಂಬುದೇ ನನ್ನ ಆಕ್ಷೇಪ.

ಪರಿಸರ ವಿದ್ಯಾರ್ಥಿನಿ

ವಿಂಡ್‌ಹೋಕ್ ವಾಸಿಯವರ ಸಹೋದ್ಯೋಗಿಯ ವಾದಕ್ಕೆ ಒಂದು ಇತಿಹಾಸವಿದೆ. ನಮೀಬಿಯಾ ನೈಋತ್ಯ ಆಫ್ರಿಕಾ ಎಂಬ ಹೆಸರಿನಲ್ಲಿ ದಕ್ಷಿಣ ಆಫ್ರಿಕಾದ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ ವನ್ಯಪ್ರಾಣಿಗಳು ಸರ್ಕಾರದ ಸ್ವತ್ತಾಗಿದ್ದವು. ದನ, ಕುರಿ ಸಾಕುತ್ತಿದ್ದ ಜಮೀನ್ದಾರನಿಗೆ ಓರಿಕ್ಸ್ ಎಂದರೆ ತನ್ನ ಹುಲ್ಲನ್ನು ತಿಂದುಹಾಕುವ ಪೈಪೋಟಿಗಾರ. 1967ರ ಕಾನೂನು, ಅದರ ನಂತರ 1975ರ ಪ್ರಕೃತಿ ಸಂರಕ್ಷಣಾ ಕಾನೂನು ಈ ಸಂಬಂಧವನ್ನು ಬದಲಿಸಿದವು. ನಿಗದಿತ ವಿಸ್ತಾರದ, ಸರಿಯಾದ ಬೇಲಿಯುಳ್ಳ ಫಾರ್ಮ್‌ನಲ್ಲಿರುವ ಓರಿಕ್ಸ್, ಕುಡು, ಸ್ಪ್ರಿಂಗ್‌ಬಾಕ್ ಎಂಬ ಸಣ್ಣ ಹುಲ್ಲೆ, ವಾರ್ಟ್‌ಹಾಗ್ ಮುಂತಾದ ಪ್ರಾಣಿಗಳ ಮೇಲೆ ಜಮೀನ್ದಾರನಿಗೆ ಷರತ್ತುಬದ್ಧ ಒಡೆತನ ದೊರೆಯಿತು. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾಯ್ದೆಯೊಂದು ಇದೇ ದಿಕ್ಕಿನಲ್ಲಿ ಮುಂದುವರಿದು, ಬೇಲಿಯೊಳಗಿನ ಪ್ರಾಣಿ ತಪ್ಪಿಸಿಕೊಂಡು ಹೊರಗೆ ಹೋದರೂ ಅದರ ಒಡೆತನ ಮಾಲೀಕನಿಗೇ ಸೇರಿದ್ದೆಂದು ಸಾರಿತು. ದನ ಸಾಕಿದ ಜಮೀನುಗಳು ಮತ್ತೆ ಹುಲ್ಲೆಗಳ ಜಮೀನುಗಳಾದವು. ಈಗ ದಕ್ಷಿಣ ಆಫ್ರಿಕಾ ಒಂದರಲ್ಲಿಯೇ ಇಂತಹ ಸುಮಾರು 9,000 ಫಾರ್ಮ್‌ಗಳಿವೆ.

ಬಿಳಿ ಘೇಂಡಾಮೃಗದ ಕತೆಯನ್ನೂ ಈ ವಾದದ ಜೊತೆಗೆ ಹೇಳುವುದು ರೂಢಿ. 19ನೇ ಶತಮಾನದ ಅಂತ್ಯಕ್ಕೆ ದಕ್ಷಿಣದ ಬಿಳಿ ಘೇಂಡಾಮೃಗಗಳು ನೂರಕ್ಕಿಂತ ಕಡಿಮೆ ಉಳಿದಿದ್ದವು. 1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಉಂಫೊಲೊಜಿ ಅಭಯಾರಣ್ಯದಿಂದ ಅಲ್ಲಿಯ ವಾರ್ಡನ್ ಇಯಾನ್ ಪ್ಲೇಯರ್ ಮತ್ತು ಅವರ ಸಂಗಡಿಗರು ಅವುಗಳನ್ನು ಅರಿವಳಿಕೆ ಕೊಟ್ಟು ಹಿಡಿದು ಬೇರೆ ಬೇರೆ ಕಡೆಗೆ ಸಾಗಿಸಿದರು. 1968ರಲ್ಲಿ ಸೀಮಿತ ಬೇಟೆಗೆ ಅವಕಾಶ ದೊರೆತ ನಂತರ ಖಾಸಗಿ ಜಮೀನ್ದಾರರೂ ಅವುಗಳನ್ನು ಕೊಂಡು ಸಾಕಲು ಮುಂದಾದರು. ಆದರೆ ಇದನ್ನು ಕೇವಲ ಬೇಟೆಯ ಗೆಲುವು ಎಂದು ಹೇಳುವುದು ತಪ್ಪು. ಕೊನೆಯ ಆ ಕೆಲವು ಪ್ರಾಣಿಗಳನ್ನು ಉಳಿಸಿದ್ದು ಬೇಟೆಯನ್ನು ನಿಷೇಧಿಸಿದ್ದ ಅಭಯಾರಣ್ಯವೇ ಹೊರತು ಬೇಟೆಗಾರರಲ್ಲ.

ಲಿಂಪೊಪೊ ಪಂಪು

ಕೊನೆಯ ಮಾತನ್ನು ಒಪ್ಪುತ್ತೇನೆ. ಆದರೆ ಕಾವಲಿನ ಖರ್ಚನ್ನು ಮರೆಯಬೇಡಿ. ಬೇಲಿಯ ದುರಸ್ತಿ, ಉರುಳು ಹುಡುಕುವ ಗಸ್ತು, ಬರಗಾಲದಲ್ಲಿ ನೀರು, ಮೇವು ಎಲ್ಲಕ್ಕೂ ಹಣ ಎಲ್ಲಿಂದಾದರೂ ಬರಲೇಬೇಕು. ಮುಳ್ಳುಪೊದೆಗಳ ಸಮತಟ್ಟು ಬಯಲಿಗೆ, ಆನೆ ಸಿಂಹಗಳಿಲ್ಲದ ಜಾಗಕ್ಕೆ, ಫೋಟೊ ತೆಗೆಯುವ ಪ್ರವಾಸಿಗಳು ಬರುವುದಿಲ್ಲ. ಬೇಟೆಗಾರ ಬರುತ್ತಾನೆ.

ಅಂಕಿ ಅಂಶ

ಬೇಲಿಯೊಳಗೆ ಪ್ರಾಣಿಗಳ ಸಂಖ್ಯೆ ಹೆಚ್ಚಿತು ಎಂಬುದು ನಿಜವಾದರೂ ಅದನ್ನು ಸಂರಕ್ಷಣೆ ಎಂದು ಕರೆಯಲು ನನಗೆ ಮನಸ್ಸಾಗದು. ಎರಡೂವರೆ ಮೀಟರ್ ಎತ್ತರದ ಬೇಲಿ ವಲಸೆಯ ದಾರಿಯನ್ನು ಮುರಿಯುತ್ತದೆ. ಹುಲ್ಲೆಗಳ ಮೇಲೆ ಹಣ ಹೂಡಿದವನಿಗೆ ಚೀತಾ, ಚಿರತೆ, ಕಾಡುನಾಯಿಗಳು ಶತ್ರುಗಳಾಗುತ್ತವೆ. ಮೂಲದಲ್ಲಿ ಆ ಪ್ರದೇಶದಲ್ಲಿ ಇಲ್ಲದ ಜಾತಿಗಳನ್ನು ಕೂಡ ಅತಿಥಿಗಳು ಬೇಟೆಯಾಡಬಯಸುವ ಪ್ರಾಣಿಗಳ ಪಟ್ಟಿಗಾಗಿ ತಂದು ಬಿಡುತ್ತಾರೆ. ಇನ್ನೂ ಮುಂದೆ ಹೋಗಿ, ಪ್ರಕೃತಿಯಲ್ಲಿ ಅಪರೂಪಕ್ಕೆ ಕಾಣುವ ಹೊಂಬಣ್ಣದ ವೈಲ್ಡ್‌ಬೀಸ್ಟ್, ಕಪ್ಪು ಇಂಪಾಲಾ ಎಂಬ ಹುಲ್ಲೆಗಳನ್ನು ಸಣ್ಣ ಸಣ್ಣ ದೊಡ್ಡಿಗಳಲ್ಲಿ ಆಯ್ದು ಬೆಳೆಸಿದರು. 2016ರಲ್ಲಿ ಹರೈಜ಼ನ್ ಎಂಬ ಒಂದು ಕಾಡೆಮ್ಮೆ ಹೋರಿಯ ಕಾಲು ಪಾಲು ದಕ್ಷಿಣ ಆಫ್ರಿಕಾದ ಹಣದಲ್ಲಿ 4.4 ಕೋಟಿ ರ‍್ಯಾಂಡ್‌ಗೆ ಮಾರಾಟವಾಯಿತು. ಅಂದರೆ ಒಂದು ಪ್ರಾಣಿಯ ಬೆಲೆ 17.6 ಕೋಟಿ ರ‍್ಯಾಂಡ್ ಎಂದಾಯಿತು. ಆ ಬೆಲೆ ಕೊಂಬಿನ ಅಗಲಕ್ಕೆ ಕಟ್ಟಿದ್ದು. ಬಣ್ಣದ ಪ್ರಾಣಿಗಳ ಮಾರುಕಟ್ಟೆ ಅದಾದ ಮೇಲೆ ಕುಸಿಯಿತು. ಇದು ಪಶುಸಂಗೋಪನೆ. ಕಾಡಿನ ಹೆಸರಿನಲ್ಲಿ ಅದನ್ನು ನಡೆಸಬಾರದು.

ಕೊಡಗಿನ ಕೋವಿ

ಕೋವಿಯನ್ನು ಪೂಜಿಸುವ ಮನೆತನದಿಂದ ಬಂದವನಾಗಿ ಎರಡು ಮಾತು ಹೇಳುತ್ತೇನೆ. ನಮ್ಮ ಅಜ್ಜಂದಿರ ಕಾಲದ ಬೇಟೆಗೆ ಕಟ್ಟುಪಾಡುಗಳಿದ್ದವು. ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಇರಬೇಕು, ಗಾಯಗೊಂಡದ್ದನ್ನು ಬಿಟ್ಟು ಬರಬಾರದು, ಮಾಂಸವನ್ನು ಊರಿಗೆ ಹಂಚಬೇಕು ಎಂಬ ನಿಯಮಗಳನ್ನು ಹಿರಿಯರಿಂದ ಕೇಳಿ ಬೆಳೆದಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಅದು ನಿಲ್ಲಲೇಬೇಕಾಗಿತ್ತು. ಕೋವಿ ನಮ್ಮ ಮನೆಯಲ್ಲಿ ಈಗ ಕೈಲ್‌ಪೊಳ್ದ್ ಹಬ್ಬದ ಪೂಜೆಗೆ ಮಾತ್ರ ಹೊರಬರುತ್ತದೆ.

ಆದ್ದರಿಂದ ನಾನು ಕೇಳುವ ಪ್ರಶ್ನೆ ಇಷ್ಟೇ. ಆ ಫಾರ್ಮ್‌ನ ವಿಸ್ತಾರ ಎಷ್ಟು, ಪ್ರಾಣಿ ಹುಟ್ಟಿದ್ದು ಅಲ್ಲಿಯೇ, ಅಥವಾ ಹರಾಜಿನಲ್ಲಿ ಕೊಂಡು ಲಾರಿಯಲ್ಲಿ ತಂದು ಅತಿಥಿ ಬರುವ ಮುನ್ನ ಬಿಟ್ಟದ್ದೇ? ಹತ್ತು ಸಾವಿರ ಹೆಕ್ಟೇರ್ ಬಯಲಿನಲ್ಲಿ ಹುಟ್ಟಿ ಬೆಳೆದ ಓರಿಕ್ಸ್‌ಗೆ ಆ ಬೇಲಿ ಇದೆಯೆಂದು ದಿನನಿತ್ಯ ಅರಿವಾಗದು. ಐನೂರು ಹೆಕ್ಟೇರಿನಲ್ಲಿ ಬಿಟ್ಟ ಪ್ರಾಣಿಯನ್ನು ಹೊಡೆಯುವುದು ಕುರಿಹಟ್ಟಿಗೆ ನುಗ್ಗಿ ಹೊಡೆದ ಹಾಗೆ.

ಮೈಸೂರು ಮೇಷ್ಟ್ರು

ಕೊಡಗಿನವರ ಮಾತಿಗೆ ಒಂದು ಸೇರಿಸುತ್ತೇನೆ. ಬಂಡೀಪುರವೇ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಚರ್ಮ ತುಂಬಿ ಪ್ರಾಣಿಗಳಿಗೆ ಜೀವಕಳೆ ಕೊಡುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ನಮ್ಮ ಮೈಸೂರಿನಲ್ಲಿಯೇ ಇತ್ತು. 1999ರಲ್ಲಿ ಅದು ಮುಚ್ಚಿತು. ಆ ಹುಲಿ ಚಿರತೆಗಳ ತಲೆಗಳನ್ನು ನೋಡಿದವರಿಗೆ ಅವುಗಳ ಹಿಂದೆ ಬರಿದಾದ ಕಾಡುಗಳೂ ನೆನಪಿಗೆ ಬರುತ್ತವೆ. ನಮ್ಮಲ್ಲಿ ಬೇಟೆ ಪ್ರಾಣಿಗಳನ್ನು ಉಳಿಸಲಿಲ್ಲ ಎಂಬುದನ್ನು ಮರೆಯಬಾರದು.

ಪರಿಸರ ವಿದ್ಯಾರ್ಥಿನಿ

ಮೇಷ್ಟ್ರೇ, ತಾವು ಹೇಳಿದ ಬೇಟೆಯಲ್ಲಿ ಪ್ರಾಣಿ ಹೆಚ್ಚಿದರೆ ಕಾಡಂಚಿನ ರೈತನಿಗೆ ಬರುತ್ತಿದ್ದ ಲಾಭ ಏನೂ ಇರಲಿಲ್ಲ. ನಮೀಬಿಯಾದ ಏರ್ಪಾಡಿನ ತಿರುಳು ಆ ಲಾಭವೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ನೀಲಗಿರಿ ಹಾದಿ

ಸಿಂಹದ ವಿಷಯವನ್ನು ಇನ್ನೂ ಯಾರೂ ಎತ್ತಲಿಲ್ಲ. 2015ರಲ್ಲಿ ಝಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದೊಳಗೆ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ದಂತವೈದ್ಯರೊಬ್ಬರು ಕೊಂದರು. ಹಣ ಬಂದರೆ ಯಾವ ನಿಯಮವೂ ನಿಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅಂಕಿ ಅಂಶ

ಒಂದು ತಿದ್ದುಪಡಿ. ಸೆಸಿಲ್‌ನನ್ನು ಕೊಂದದ್ದು ಉದ್ಯಾನದ ಒಳಗಲ್ಲ, ಅದಕ್ಕೆ ಹೊಂದಿಕೊಂಡ ಜಮೀನಿನಲ್ಲಿ. ಮೊದಲು ಬಾಣ ಬಿಟ್ಟು ಗಾಯಗೊಳಿಸಿ, ಗಂಟೆಗಳ ನಂತರ ಕೊಂದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೊಡಿಸಿದ್ದ ಕೊರಳಪಟ್ಟಿ ಅದರ ಕುತ್ತಿಗೆಯಲ್ಲಿತ್ತು. ಜಾಗದ ವಿವರ ಇಲ್ಲಿ ಮುಖ್ಯ, ಏಕೆಂದರೆ ಉದ್ಯಾನದ ಗಡಿ ದಾಟಿದ ಕೂಡಲೇ ಅದೇ ಪ್ರಾಣಿಗೆ ಬೇರೆ ನಿಯಮ ಅನ್ವಯವಾಗುತ್ತದೆ.

ಇದಕ್ಕಿಂತ ಹೇಯವಾದದ್ದು ದಕ್ಷಿಣ ಆಫ್ರಿಕಾದ ಸಾಕಿದ ಸಿಂಹಗಳ ಬೇಟೆ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರ್ಪಡಿಸಿದ ಮರಿಗಳನ್ನು ಪ್ರವಾಸಿಗಳು ಹಣ ಕೊಟ್ಟು ಮುದ್ದಿಸುತ್ತಾರೆ. ಬೆಳೆದ ಮೇಲೆ ಅವೇ ಸಿಂಹಗಳನ್ನು ಆವರಣದೊಳಗೆ ಬಿಟ್ಟು ಬೇಟೆಗಾರರಿಗೆ ಒಪ್ಪಿಸುತ್ತಾರೆ, ಎಲುಬುಗಳು ಆಗ್ನೇಯ ಏಷ್ಯಾಕ್ಕೆ ಹೋಗುತ್ತವೆ. ಈ ಉದ್ಯಮವನ್ನು ಕೊನೆಗೊಳಿಸುವುದಾಗಿ ಅಲ್ಲಿಯ ಆಗಿನ ಪರಿಸರ ಸಚಿವೆ ಬಾರ್ಬರಾ ಕ್ರೀಸಿ 2021ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅಲ್ಲಿಯ ವೃತ್ತಿಪರ ಬೇಟೆಗಾರರ ಸಂಘವೇ ಈ ಪ್ರಶ್ನೆಯ ಮೇಲೆ 2017ರಲ್ಲಿ ಒಡೆದು, ವಿರೋಧಿಸಿದವರು ಬೇರೆ ಸಂಘ ಕಟ್ಟಿಕೊಂಡರು.

ಹೊಂಗೆ ನೆರಳು

ಕೆನ್ಯಾ 1977ರಲ್ಲಿಯೇ ಬೇಟೆಯನ್ನು ನಿಷೇಧಿಸಿ ಇಂದಿಗೂ ಜಗತ್ತಿನ ಪ್ರವಾಸಿಗಳನ್ನು ಸೆಳೆಯುತ್ತಿದೆ. ಅದೇ ದಾರಿ ನಮೀಬಿಯಾಕ್ಕೆ ಏಕೆ ಆಗದು?

ಲಿಂಪೊಪೊ ಪಂಪು

ಅದೇ ಕೆನ್ಯಾದಲ್ಲಿ 1977 ಮತ್ತು 2016ರ ನಡುವೆ ವನ್ಯಪ್ರಾಣಿಗಳ ಸಂಖ್ಯೆ ಸರಾಸರಿ ಶೇಕಡಾ 68ರಷ್ಟು ಕುಸಿದಿದೆ ಎಂದು ವೈಮಾನಿಕ ಗಣತಿಯ ಅಧ್ಯಯನವೊಂದು ತೋರಿಸಿದೆ. ಬೋಟ್ಸ್ವಾನಾ 2014ರಲ್ಲಿ ಬೇಟೆಯನ್ನು ನಿಲ್ಲಿಸಿ, ಆನೆಗಳ ಹಾವಳಿಯಿಂದ ಬೇಸತ್ತ ಹಳ್ಳಿಗರ ಒತ್ತಾಯಕ್ಕೆ ಮಣಿದು 2019ರಲ್ಲಿ ಮತ್ತೆ ಆರಂಭಿಸಿತು.

ಪರಿಸರ ವಿದ್ಯಾರ್ಥಿನಿ

ಆ ಅಧ್ಯಯನವನ್ನು ಓದಿದವರು ಅದರ ಇನ್ನೊಂದು ಅರ್ಧವನ್ನೂ ಹೇಳಬೇಕು. ಅದೇ ಅವಧಿಯಲ್ಲಿ ಕುರಿ, ಮೇಕೆ, ಒಂಟೆಗಳ ಸಂಖ್ಯೆ ಬಹಳವಾಗಿ ಏರಿದೆ, ಜನಸಂಖ್ಯೆಯೂ ಏರಿದೆ, ಹುಲ್ಲುಗಾವಲುಗಳು ಹರಿದು ಹಂಚಿಹೋಗಿವೆ. ನಿಷೇಧವೊಂದೇ ಕಾರಣ ಎಂದು ಅದರಿಂದ ಸಿದ್ಧವಾಗುವುದಿಲ್ಲ. ನಿಷೇಧದಿಂದ ಪ್ರಾಣಿಗಳು ತಾವಾಗಿ ಉಳಿಯುವುದಿಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ.

ಬೋಟ್ಸ್ವಾನಾದ ಮಾತಿನಲ್ಲಿ ಮಾತ್ರ ಗಂಭೀರವಾದ ಅಂಶವಿದೆ. ಅಲ್ಲಿ ಆನೆಯ ಜೊತೆ ಬದುಕುವವರು ಹಳ್ಳಿಗರು, ಅದರ ಬಗ್ಗೆ ತೀರ್ಪು ಕೊಡುವವರು ಯುರೋಪಿನ ನಗರವಾಸಿಗಳು. ತಮ್ಮ ಬೆಳೆಯನ್ನು ಯಾರು ತಿನ್ನಬಹುದು ಎಂಬುದನ್ನು ಆ ನಗರವಾಸಿಗಳು ತೀರ್ಮಾನಿಸಬೇಕೇ ಎಂದು ಆ ಜನ ಕೇಳುವುದು ನ್ಯಾಯವೇ.

ಸಕಲೇಶಪುರ ತೋಟ

ಈ ಮಾತು ನನಗೆ ನಾಟಿತು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ಅವು ತೋಟಕ್ಕೆ ಬಂದ ರಾತ್ರಿಗಳನ್ನು ನಾವು ಬಲ್ಲೆವು. ಆದರೂ ಆನೆಯನ್ನು ಕೊಲ್ಲಲು ವಿದೇಶದವನಿಗೆ ಮಾರಬೇಕೆಂದು ನಮ್ಮ ಊರಿನಲ್ಲಿ ಯಾರೂ ಕೇಳಿದ್ದಿಲ್ಲ. ನಾವು ಕೇಳುವುದು ಸಕಾಲದ ಪರಿಹಾರ ಮತ್ತು ಕೆಟ್ಟುನಿಲ್ಲದ ಸೌರಬೇಲಿ.

ಪರಿಸರ ವಿದ್ಯಾರ್ಥಿನಿ

ನಮೀಬಿಯಾದ ಹೆಸರಿನಲ್ಲಿ ಬೇಟೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಎರಡು ಬೇರೆ ಬೇರೆ ಏರ್ಪಾಡುಗಳನ್ನು ಬೆರೆಸಿಬಿಡುತ್ತಾರೆ. ಖಾಸಗಿ ಫಾರ್ಮ್ ಒಂದು. ಸಮುದಾಯದ ಸಂರಕ್ಷಣಾ ಪ್ರದೇಶ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೆ, 1996ರ ತಿದ್ದುಪಡಿಯ ಮೂಲಕ, ಬಿಳಿಯ ಜಮೀನ್ದಾರರಿಗೆ ಮಾತ್ರ ಇದ್ದ ಹಕ್ಕನ್ನು ಸಾಮುದಾಯಿಕ ಭೂಮಿಯ ನಿವಾಸಿಗಳಿಗೂ ವಿಸ್ತರಿಸಿದರು. 1998ರಲ್ಲಿ ನೋಂದಣಿಯಾದ ಮೊದಲ ಪ್ರದೇಶಗಳಲ್ಲಿ ಒಂದು ತ್ಸುಮ್ಕ್ವೆ ಬಳಿಯ ನ್ಯಾಯೆ ನ್ಯಾಯೆ. ಅಲ್ಲಿರುವವರು ಸಾನ್ ಬುಡಕಟ್ಟಿನ ಜುಹೊಆನ್ಸಿ ಜನ. ಆನೆ ಬೇಟೆಯಿಂದ ಬರುವ ಹಣವೂ ಮಾಂಸವೂ ಅವರಿಗೆ ದೊರೆಯುತ್ತದೆ. ಈಗ ಇಂತಹ 86 ಪ್ರದೇಶಗಳು ದೇಶದ ಸುಮಾರು ಐದನೇ ಒಂದು ಭಾಗವನ್ನು ಆವರಿಸಿವೆ.

ನಿಮ್ಮನ್ನು ಕರೆದಿರುವುದು ಅಂತಹ ಕಡೆಗಲ್ಲ, ಖಾಸಗಿ ಫಾರ್ಮ್‌ಗೆ. ನಮೀಬಿಯಾದ ಖಾಸಗಿ ಕೃಷಿಭೂಮಿಯ ಸುಮಾರು ಶೇಕಡಾ 70 ಭಾಗ ಇಂದಿಗೂ ಹಿಂದಿನ ಆಳುವ ವರ್ಗದವರ ಕೈಯಲ್ಲಿದೆ ಎಂದು 2018ರ ಸರ್ಕಾರಿ ಅಂಕಿ ಅಂಶಗಳೇ ಹೇಳುತ್ತವೆ. ಆ ಹುಲ್ಲೆಗಳು ಯಾರ ಭೂಮಿಯಲ್ಲಿ ಯಾರ ಸ್ವತ್ತಾದವು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಸಂರಕ್ಷಣೆಯ ಲೆಕ್ಕವನ್ನು ಮಾತ್ರ ಒಪ್ಪಿಸುವುದು ನನಗೆ ಸಮಾಧಾನ ತರುವುದಿಲ್ಲ.

ನೀಲಗಿರಿ ಹಾದಿ

ಮಧ್ಯಪ್ರದೇಶದ ಕೂನೊ ಉದ್ಯಾನಕ್ಕೆ 2022ರಲ್ಲಿ ಬಂದ ಎಂಟು ಚೀತಾಗಳು ನಮೀಬಿಯಾದವೇ ಅಲ್ಲವೇ? ಅವುಗಳಿಗೂ ಈ ಫಾರ್ಮ್‌ಗಳಿಗೂ ಸಂಬಂಧವಿದೆಯೇ?

ಪರಿಸರ ವಿದ್ಯಾರ್ಥಿನಿ

ನೇರವಾದ ಸಂಬಂಧವಿದೆ. ನಮೀಬಿಯಾದ ಬಹುಪಾಲು ಚೀತಾಗಳು ಬದುಕುವುದು ಉದ್ಯಾನಗಳಲ್ಲಿ ಅಲ್ಲ, ಇಂತಹ ಫಾರ್ಮ್‌ಗಳಲ್ಲಿ. ಉದ್ಯಾನಗಳಲ್ಲಿ ಸಿಂಹ, ಕತ್ತೆಕಿರುಬಗಳು ಅವುಗಳ ಬೇಟೆಯನ್ನು ಕಿತ್ತುಕೊಳ್ಳುತ್ತವೆ. ಹಿಂದೆ ಜಮೀನ್ದಾರರು ಚೀತಾಗಳನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಅದನ್ನು ತಪ್ಪಿಸಲು ಚೀತಾ ಕನ್ಸರ್ವೇಶನ್ ಫಂಡ್ ಎಂಬ ಸಂಸ್ಥೆ 1994ರಿಂದ ಮಂದೆ ಕಾಯುವ ದೊಡ್ಡ ತಳಿಯ ನಾಯಿಗಳನ್ನು ರೈತರಿಗೆ ಕೊಡುತ್ತಾ ಬಂದಿದೆ. ಆ ಸಂಸ್ಥೆಯ ಕೇಂದ್ರ ಇರುವುದೂ ಒಚಿವಾರೊಂಗೊ ಬಳಿಯೇ. ವಿಂಡ್‌ಹೋಕ್ ವಾಸಿಯವರು ಆ ದಾರಿಯಲ್ಲಿ ಹೋಗುವುದಾದರೆ ಅದನ್ನು ತಪ್ಪದೆ ನೋಡಿ ಬರಲಿ.

ವಿಂಡ್‌ಹೋಕ್ ವಾಸಿ

ಎಲ್ಲರಿಗೂ ಧನ್ಯವಾದಗಳು. ಗುಂಡು ಹಾರಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಆ ಒಂದು ಓರಿಕ್ಸ್‌ನಿಂದ ಸಂರಕ್ಷಣೆಗೆ ಏನಾದರೂ ದೊರೆಯುತ್ತದೆ ಎಂದು ಒಪ್ಪಿದರೂ, ಅದನ್ನು ಕೊಲ್ಲುವವನು ನಾನಾಗಬೇಕಿಲ್ಲ. ಆದರೆ ಹೋಗಿ ನೋಡುವುದು ತಪ್ಪಲ್ಲ ಎನಿಸುತ್ತಿದೆ. ನಿಯಮಗಳು ಪಾಲನೆಯಾಗುತ್ತಿವೆಯೇ ಎಂಬುದನ್ನು ನನ್ನಂತಹ ಹೊರಗಿನವನು ಹೇಗೆ ಗುರುತಿಸಬಹುದು?

ಲಿಂಪೊಪೊ ಪಂಪು

ನಮೀಬಿಯಾದ ನಿಯಮಗಳು ಸ್ಪಷ್ಟವಾಗಿವೆ. ಬೇಟೆಯ ಋತು ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ. ಬೇಟೆಗೆ ಮೊದಲೇ ಅತಿಥಿಯ ಹೆಸರಿನಲ್ಲಿ ಪರವಾನಗಿ ಇರಬೇಕು. ಒಬ್ಬ ಅತಿಥಿಗೆ ವರ್ಷದಲ್ಲಿ ಒಂದು ಜಾತಿಯ ಎರಡಕ್ಕಿಂತ ಹೆಚ್ಚು ಪ್ರಾಣಿಗಳಿಗೆ ಅವಕಾಶವಿಲ್ಲ. ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ಗುಂಡು ಹಾರಿಸುವಂತಿಲ್ಲ. ಬಂದೂಕಿನ ಶಕ್ತಿಗೂ ಕನಿಷ್ಠ ಮಿತಿಯಿದೆ: ಸ್ಪ್ರಿಂಗ್‌ಬಾಕ್‌ಗೆ 1,350 ಜೂಲ್, ಓರಿಕ್ಸ್, ಕುಡುಗಳಿಗೆ 2,700 ಜೂಲ್, ಕಾಡೆಮ್ಮೆ, ಆನೆಗಳಿಗೆ 5,400 ಜೂಲ್. ಕಡಿಮೆ ಶಕ್ತಿಯ ಗುಂಡು ಪ್ರಾಣಿಯನ್ನು ನರಳಿಸುತ್ತದೆ ಎಂಬುದೇ ಇದಕ್ಕೆ ಕಾರಣ. ಮಾರ್ಗದರ್ಶಿ ನೋಂದಾಯಿತ ವ್ಯಕ್ತಿಯಾಗಿರಬೇಕು. ಕೆಳಗಿನ ದರ್ಜೆಯ ಮಾರ್ಗದರ್ಶಿಗೆ ತನ್ನ ಸ್ವಂತ ಫಾರ್ಮ್‌ನಲ್ಲಿ ಮಾತ್ರ ಅನುಮತಿ ಇರುತ್ತದೆ. ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಲು ತರಬೇತಾದ ನಾಯಿ ಇದೆಯೇ ಎಂದೂ ಕೇಳಿ. ಅದಕ್ಕೆ ಸಿಗುವ ಉತ್ತರದಿಂದ ಆ ಫಾರ್ಮ್‌ನ ಮನೋಭಾವ ತಿಳಿಯುತ್ತದೆ.

ಸ್ನೇಹಕ್ಕಾಗಿ ಅವರು ಕೊಂಬನ್ನೋ ತೊಗಲನ್ನೋ ಕೊಟ್ಟರೆ ಊರಿಗೆ ಬರುವಾಗ ಅದನ್ನು ತರುವ ಯೋಚನೆ ಬೇಡ. ಭಾರತದ ಕಸ್ಟಮ್ಸ್‌ನಲ್ಲಿ ತೊಂದರೆಗೆ ಸಿಲುಕುತ್ತೀರಿ.

ಕೊಡಗಿನ ಕೋವಿ

ಜಾಡು ಹಿಡಿಯುವವರ ಜೊತೆ ಮಾತನಾಡಿ. ಒಣನೆಲದ ಮೇಲಿನ ಗೊರಸಿನ ಗುರುತಿನಿಂದ ಪ್ರಾಣಿಯ ವಯಸ್ಸನ್ನೂ ಅದು ಹೋದ ಹೊತ್ತನ್ನೂ ಹೇಳುವ ವಿದ್ಯೆ ಅವರದು. ಆ ವಿದ್ಯೆ ಇಲ್ಲದೆ ಅತಿಥಿಗೆ ಓರಿಕ್ಸ್ ಕಣ್ಣಿಗೂ ಬೀಳುವುದಿಲ್ಲ. ಆದರೂ ನಾನು ನೋಡಿದ ಬೇಟೆಯ ಫೋಟೊಗಳಲ್ಲಿ ಅವರು ಚೌಕಟ್ಟಿನ ಅಂಚಿನಲ್ಲಿ ಇರುತ್ತಾರೆ, ಇಲ್ಲವೇ ಇರುವುದೇ ಇಲ್ಲ.

ಹೊಂಗೆ ನೆರಳು

ನೀವು ಗುಂಡು ಹಾರಿಸದಿರಲು ತೀರ್ಮಾನಿಸಿದ್ದು ನನಗೆ ಸಂತೋಷ ತಂದಿದೆ. ನೋಡಲು ಹೋಗುವುದರ ಬಗ್ಗೆ ನನ್ನ ಭಿನ್ನಾಭಿಪ್ರಾಯ ಹಾಗೆಯೇ ಇದೆ. ಆದರೂ ಹೋಗುವುದಾದರೆ, ಆ ಜಾಡುಗಾರರ ತಿಂಗಳ ಸಂಬಳ ಎಷ್ಟು, ಅತಿಥಿ ಒಂದು ಓರಿಕ್ಸ್‌ಗೆ ಕೊಡುವ ದರದಲ್ಲಿ ಅವರ ಕೈಗೆ ಸೇರುವುದೆಷ್ಟು, ಅವರ ಮಕ್ಕಳು ಓದುವ ಶಾಲೆ ಎಷ್ಟು ದೂರದಲ್ಲಿದೆ ಎಂದು ಮಾಲೀಕರನ್ನು ನೇರವಾಗಿ ಕೇಳಿ. ಬಂದ ಉತ್ತರವನ್ನು ಇಲ್ಲಿ ಬರೆಯಿರಿ, ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.

ವಿಂಡ್‌ಹೋಕ್ ವಾಸಿ

ಖಂಡಿತವಾಗಿ ಕೇಳುತ್ತೇನೆ, ಬರೆಯುತ್ತೇನೆ. ನನ್ನ ಹೆಂಡತಿಯೂ ಜೊತೆಗೆ ಬರಲು ಒಪ್ಪಿದ್ದಾರೆ. ಸಂಬಳದ ಪ್ರಶ್ನೆಯನ್ನು ತಾವೇ ಕೇಳುವುದಾಗಿ ಹೇಳಿದ್ದಾರೆ.